ಹೊಗೆಯ ಅಟ್ಟ, ಹಾಡಿಯ ಮರ

ಮಾಂಸವನ್ನು, ಮೀನನ್ನು ಹೊಗೆಯಲ್ಲಿಟ್ಟು ಕೆಡದಂತೆ ಕಾಪಾಡುವುದು ಮನುಷ್ಯನು ಕಲಿತ ಬಹು ಹಳೆಯ ವಿದ್ಯೆಗಳಲ್ಲೊಂದು. ಪಶ್ಚಿಮ ದೇಶಗಳಲ್ಲಿ ಇದಕ್ಕೊಂದು ಸೂತ್ರವಿದೆ: ಓಕ್, ಬೀಚ್, ಹಿಕರಿ, ಸೇಬು ಮೊದಲಾದ ಗಡಸು ಮರಗಳನ್ನು ಉರಿಸಬೇಕು, ಪೈನಿನಂಥ ಮೃದು ಮರ ಕೂಡದು. ರಾಳ ತುಂಬಿದ ಮರದ ಹೊಗೆ ಮಸಿಯಾಗಿ ಅಂಟಿಕೊಳ್ಳುತ್ತದೆ, ಪದಾರ್ಥ ಕಹಿಯಾಗುತ್ತದೆ. ಅವರ ನಾಡಿಗೆ ಇದು ಒಪ್ಪುವ ಮಾತೇ. ಆದರೆ ಇದೇ ಸೂತ್ರವನ್ನು ಬ್ರಹ್ಮಾವರದಿಂದ ಬೈಂದೂರಿನವರೆಗಿನ ನಮ್ಮ ಸೀಮೆಗೆ ತಂದು ನಿಲ್ಲಿಸಿದರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ.

ಕಾರಣ ಸರಳವಾದದ್ದು. ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಹೂ ಬಿಡುವ ಅಗಲ ಎಲೆಯ ಮರಗಳೆಲ್ಲ ಗಡಸು ಮರಗಳೇ. ಉಗುರಿನಿಂದ ಗೀರಬಹುದಾದ ಬೂರುಗವೂ ಆ ಪಂಕ್ತಿಯಲ್ಲಿಯೇ ಕೂರುತ್ತದೆ. ಪೈನಿನ ಕುಲದ ಮರಗಳು ನಮ್ಮ ಹಾಡಿಗಳಲ್ಲಿ ತಾವಾಗಿ ಬೆಳೆಯುವುದಿಲ್ಲ. ಮರವಂತೆಯ ಮರಳಿನಲ್ಲಿ ನಿಂತು ಪೈನಿನ ವೇಷ ಹಾಕುವ ಗಾಳಿಮರವೂ ನಿಜದಲ್ಲಿ ಹೂ ಬಿಡುವ ಮರವೇ, ಅದರ ಕಟ್ಟಿಗೆಯಂತೂ ಕಲ್ಲಿನಷ್ಟು ಗಟ್ಟಿ. ನಮ್ಮ ಹಿರಿಯರು ಮರವನ್ನು ಅಳೆದದ್ದು ಬೇರೆ ಮಾತಿನಿಂದ: ಕೆಚ್ಚು. ಮರದ ಒಡಲಿನ ಗಟ್ಟಿ ತಿರುಳಿಗೂ ಮನುಷ್ಯನ ಎದೆಗಾರಿಕೆಗೂ ಕನ್ನಡ ಇದೊಂದೇ ಮಾತನ್ನು ಕೊಟ್ಟಿದೆ. ಕೆಚ್ಚುಗಟ್ಟಿದ ಮರ ನಿಧಾನವಾಗಿ ಉರಿಯುತ್ತದೆ, ಕೆಂಡ ನಿಲ್ಲುತ್ತದೆ, ಹೊಗೆ ತೆಳುವಾಗಿ ಏಳುತ್ತದೆ. ಅಟ್ಟಕ್ಕೆ ಬೇಕಾದದ್ದು ಅದು.

ಅಟ್ಟವೆಂದೆ. ಗ್ಯಾಸಿನ ಒಲೆ ಬರುವ ಮೊದಲಿನ ಅಡುಗೆಮನೆಯನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ಒಲೆಯ ನೆತ್ತಿಗೆ ಸರಿಯಾಗಿ, ಕೈಗೆಟುಕದ ಎತ್ತರದಲ್ಲಿ ಬಿದಿರಿನ ಹಂದರ. ಅದರ ಮೇಲೆ ಹುಣಸೆ, ಬಿತ್ತದ ಕಾಯಿ, ಹಲಸಿನ ಹಪ್ಪಳದ ಕಟ್ಟು, ಅಡಕೆ. ಮೀನು ತಿನ್ನುವವರ ಮನೆಯಾದರೆ ಒಣಸಿಗಡಿ, ಉಪ್ಪು ಹಾಕಿದ ಬಂಗುಡೆ. ತೊಲೆಗಳಿಗೆ ಇಲ್ಲಣ ಹಿಡಿದು ಎಲ್ಲವೂ ಕಪ್ಪು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಾಡಿದು. ಬೇಸಗೆಯಲ್ಲಿ ಒಣಗಿಸಿಟ್ಟ ಪದಾರ್ಥವನ್ನು ಆಷಾಢದ ಬೂಷ್ಟಿನಿಂದ ಕಾಯಲು ಬೇರೆ ಉಪಾಯವಿರಲಿಲ್ಲ. ಕಟ್ಟಿಗೆ ಬೆಂದಾಗ ಹುಟ್ಟುವ ಆಮ್ಲಗಳೂ ಮರದ ಲಿಗ್ನಿನ್ ಒಡೆದು ಬರುವ ಫೀನಾಲುಗಳೂ ಕೊಳೆತವನ್ನು ತಡೆಯುತ್ತವೆಂದು ರಸಾಯನಶಾಸ್ತ್ರ ಹೇಳುತ್ತದೆ. ಅದೇ ಹೊಗೆಯ ಡಾಮರಿನಂಥ ಅಂಶ ದೇಹಕ್ಕೆ ಹಿತವಲ್ಲವೆಂದೂ ಅದು ಎಚ್ಚರಿಸುತ್ತದೆ. ಹಂದರವನ್ನು ಎತ್ತರದಲ್ಲಿ ಕಟ್ಟಿ ಹೊಗೆಯನ್ನು ತಣಿಸಿ ಬಿಡುತ್ತಿದ್ದ ಕ್ರಮದಲ್ಲಿ ಆ ಎಚ್ಚರದ ಒಂದು ಪಾಲಾದರೂ ಇತ್ತೆಂದು ನನ್ನ ನಂಬಿಕೆ.

ಹಾಗಾದರೆ ಯಾವ ಮರ? ಮಾವು, ಹಲಸು, ನೇರಳೆ, ಪೇರಳೆ, ಹುಣಸೆ, ಗುಡ್ಡದ ಬದಿಯಲ್ಲಿ ಮತ್ತಿ, ಜಂಬೆ. ಆದರೆ ಈ ಪಟ್ಟಿಗಿಂತ ಬೇಡದ ಮರಗಳ ಪಟ್ಟಿಯೇ ನಮ್ಮವರಿಗೆ ಮುಖ್ಯವಾಗಿತ್ತು. ಹೊಳೆಗೇರಿನ ಸೊನೆ ಮುಟ್ಟಿದರೆ ಮೈ ಬೊಬ್ಬೆಯೇಳುತ್ತದೆ. ಅದರ ಕಟ್ಟಿಗೆ ಒಲೆಗೆ ನಿಷಿದ್ಧ. ಕಾಸರಕದ ಬೀಜದಲ್ಲಿ, ತೊಗಟೆಯಲ್ಲಿ ವಿಷವಿದೆ. ಕಣಗಿಲೆಯ ಕಡ್ಡಿಯೂ ಅಷ್ಟೇ. ಧೂಪದ ಮರದಲ್ಲಿ ರಾಳ. ದೇವರಿಗೆ ಸಲ್ಲುವ ಅದರ ಹೊಗೆ ಮೀನಿಗೆ ಸಲ್ಲದು. ಪೋರ್ಚುಗೀಸರು ತಂದ ಗೇರಿನ ಕಟ್ಟಿಗೆ ಚೆನ್ನಾಗಿ ಒಣಗಿದ್ದರೆ ಆದೀತು, ಗೇರುಬೀಜದ ಸಿಪ್ಪೆ ಮಾತ್ರ ಸರ್ವಥಾ ಕೂಡದು. ಅದರ ಎಣ್ಣೆಯ ಹೊಗೆ ಗಂಟಲನ್ನು ಸುಡುತ್ತದೆ. ಹಸಿ ಕಟ್ಟಿಗೆ, ಯಾವ ಮರದ್ದಾದರೂ, ಒಂದು ಬೇಸಗೆ ಕಾಣದೆ ಅಟ್ಟದ ಕೆಳಗೆ ಬರಬಾರದು. ಶಿರೂರಿನ ಕಡೆಯ ಒಬ್ಬ ಅಜ್ಜಿಯನ್ನು ನಾನು ಈ ಬಗ್ಗೆ ಕೇಳಿದಾಗ ಅವರು ಮರಗಳ ಹೆಸರು ಹೇಳುವ ಗೋಜಿಗೇ ಹೋಗಲಿಲ್ಲ. “ಕಣ್ಣಿಗ್ ಆಗ್ದ್ ಹೊಗಿ ಬಾಯಿಗ್ ಆತ್ತಾ ಮಾಸ್ಟ್ರೇ?” ಎಂದು ನನ್ನನ್ನೇ ಕೇಳಿದರು. ಪಶ್ಚಿಮದ ಸೂತ್ರಕ್ಕಿಂತ ಇದು ನನಗೆ ಹೆಚ್ಚು ಶಾಸ್ತ್ರೀಯವಾಗಿ ತೋರಿತು.

ಇಲ್ಲಿಯವರೆಗೆ ಹೇಳಿದ್ದು ಅಡುಗೆಮನೆಯ ಮಾತು. ಚರಿತ್ರೆಯ ಪ್ರಶ್ನೆ ಬೇರೆ: ಇಷ್ಟು ಮೀನು, ಇಷ್ಟು ಮರ ಎರಡೂ ಇರುವ ಈ ಕರಾವಳಿ, ಹೊಗೆಮೀನಿನ ನಾಡಾಗದೆ ಉಪ್ಪುಮೀನಿನ ನಾಡಾದದ್ದೇಕೆ? ನಮ್ಮೆದುರಿನ ಕಡಲಿನಲ್ಲೇ ಇರುವ ಮಿನಿಕಾಯ್ ದ್ವೀಪದವರು ದೊಡ್ಡ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗಿಟ್ಟು ಮರದ ತುಂಡಿನಂತೆ ಮಾಡಿ ಮಾರುತ್ತಾರೆ. ಕೊಡಗಿನವರು ಹಂದಿಯ ಮಾಂಸಕ್ಕೆ ಉಪ್ಪು ಅರಿಸಿನ ಸವರಿ ಒಲೆಯ ಮೇಲೆ ತೂಗುಹಾಕುವ ಪದ್ಧತಿ ಪ್ರಸಿದ್ಧ. ನಮ್ಮಲ್ಲಿ ಹೊಗೆ ಮನೆಯ ಅಟ್ಟವನ್ನು ದಾಟಿ ಪೇಟೆಗೆ ಬರಲೇ ಇಲ್ಲ.

ನನ್ನ ಉತ್ತರವಿಷ್ಟು: ಇಲ್ಲಿ ಮೀನು ಒಬ್ಬರ ಕೈಯಲ್ಲಿತ್ತು, ಮರ ಇನ್ನೊಬ್ಬರ ಕೈಯಲ್ಲಿತ್ತು. 1799ರಲ್ಲಿ ಈ ಸೀಮೆ ಕಂಪನಿಯ ಆಡಳಿತಕ್ಕೆ ಬಂತು. ಮದರಾಸು ಸರಕಾರ 1856ರಲ್ಲಿ ಕ್ಲೆಗ್‌ಹಾರ್ನ್ ಎಂಬ ವೈದ್ಯನನ್ನು ಅರಣ್ಯಾಧಿಕಾರಿಯಾಗಿ ನೇಮಿಸಿತು. 1882ರಲ್ಲಿ ಮದರಾಸಿನ ಅರಣ್ಯ ಕಾಯಿದೆ ಬಂದು ಕಾಡಿಗೆ ಗಡಿಕಲ್ಲು ಬಿತ್ತು. ಹಳೆಯ ವರ್ಗದಾರರಿಗೆ ಮಾತ್ರ ತಮ್ಮ ಭೂಮಿಯ ಅಂಚಿನಿಂದ ನೂರು ಗಜದೊಳಗಿನ ಸರಕಾರಿ ಹಾಡಿಯಲ್ಲಿ ಸೊಪ್ಪು, ಸೌದೆ ತೆಗೆಯುವ ‘ಕುಮ್ಕಿ’ ಸೌಲಭ್ಯ ಉಳಿಯಿತು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯೂ ಅದನ್ನು ಮನ್ನಿಸಿದೆ. ಇದು ಭೂಮಿಯುಳ್ಳವನ ಸೌಲಭ್ಯ. ಗಂಗೊಳ್ಳಿಯ, ಕೋಡಿಯ, ಉಪ್ಪುಂದದ ಕಡಲಂಚಿನಲ್ಲಿ ಬಲೆ ಬೀಸುವವನಿಗೆ ವರ್ಗವೂ ಇಲ್ಲ, ಕುಮ್ಕಿಯೂ ಇಲ್ಲ. ಅವನ ಒಲೆಗೆ ಸಿಕ್ಕಿದ್ದು ತೆಂಗಿನ ಸಿಪ್ಪೆ, ಕರಟ, ಕೊತ್ತಳಿಗೆ, ನೆರೆಯಲ್ಲಿ ತೇಲಿಬಂದ ದಿಮ್ಮಿ, ಹೊಳೆಬಾಯಿಯ ಕಾಂಡ್ಲದ ಗೆಲ್ಲು. ಬಲೆ ತುಂಬಿದ ದಿನ ಕಂಡಿಗಟ್ಟಲೆ ಬಂಗುಡೆಯನ್ನು ಹೊಗೆಯಾಡಿಸಲು ಇಷ್ಟು ಸಾಲದು. ಅದರ ಮೇಲೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಸರಕಾರ ಮೀನು ಸಂಸ್ಕರಣೆಯ ಅಂಗಳಗಳನ್ನು ತೆರೆದು ತೆರಿಗೆಯಿಲ್ಲದ ಉಪ್ಪನ್ನು ಕೊಟ್ಟಿತು. ಹೊರಗೆ ಉಪ್ಪಿಗೆ ತೆರಿಗೆ, ಅಂಗಳದೊಳಗೆ ಇಲ್ಲ. ಬಿಸಿಲಂತೂ ಎಂದೂ ಧರ್ಮಕ್ಕೇ ದೊರೆಯುವಂಥದು. ಹೀಗಿರುವಾಗ ಹೊಗೆಯ ಹಂಗು ಯಾರಿಗೆ ಬೇಕು?

ಗುಡ್ಡದ ಬದಿಯವನಿಗೆ ಕಟ್ಟಿಗೆಯುಂಟು. ಅವನ ಅಟ್ಟಕ್ಕೆ ಏರಿದ್ದು ಪೇಟೆಯಿಂದ ಕೊಂಡ ಒಣಮೀನು, ಬೇಟೆಯಲ್ಲಿ ಪಾಲು ಬಂದ ಕಾಡುಹಂದಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಲ್ಲಿಸಿತು; 1974ರಲ್ಲಿ ಕೊಲ್ಲೂರಿನ ಸುತ್ತಣ ಕಾಡು ಮೂಕಾಂಬಿಕಾ ಅಭಯಾರಣ್ಯವಾಯಿತು. ಕಾಂಡ್ಲವನ್ನು ಕಡಿಯುವುದಕ್ಕೆ 1991ರ ಕರಾವಳಿ ನಿಯಂತ್ರಣದ ಅಧಿಸೂಚನೆ ತಡೆಯೊಡ್ಡಿತು. ಇವೆಲ್ಲ ಆಗಬೇಕಾದವೇ, ನನಗೆ ತಕರಾರಿಲ್ಲ. ಆದರೆ ಕಾನೂನು ಮರವನ್ನು ಉಳಿಸಿತೇ ಹೊರತು, ಮರದ ಹೊಗೆಯನ್ನು ಮೂಗಿನಿಂದಲೇ ಗುರುತಿಸುತ್ತಿದ್ದ ಹೆಂಗಸರ ವಿವೇಕವನ್ನು ಯಾವ ಗೆಜೆಟಿಯರೂ ಬರೆದುಕೊಂಡಂತೆ ನನ್ನ ಕಣ್ಣಿಗೆ ಬಿದ್ದಿಲ್ಲ. ಮಂಗರಸನ ‘ಸೂಪಶಾಸ್ತ್ರ’ದಿಂದ ಮೊದಲುಗೊಂಡು ನಮ್ಮ ಪಾಕಗ್ರಂಥಗಳು ಪಾತ್ರೆಯೊಳಗಿನದನ್ನು ನೋಡಿದಷ್ಟು ಅಕ್ಕರೆಯಿಂದ ಒಲೆಯೊಳಗಿನದನ್ನು ನೋಡಿಲ್ಲವೆಂಬುದು ನನ್ನ ಹಳೆಯ ಆಕ್ಷೇಪ.

ಈಗ ಅಡುಗೆಮನೆಯಲ್ಲಿ ಅಟ್ಟವಿಲ್ಲ, ತಾರಸಿಯಿದೆ. ಬೆಂಕಿ ಉಳಿದಿರುವುದು ಬಚ್ಚಲ ಒಲೆಯಲ್ಲಿ. ಬೈಂದೂರಿನ ಒಳನಾಡಿನಲ್ಲಿ ಆ ಒಲೆಗೆ ಹಾಕುವುದು ಹೆಚ್ಚಾಗಿ ಅಕೇಶಿಯ, ಮುದಿಯಾದ ರಬ್ಬರು ಮರ, ಅಡಕೆಯ ಹಾಳೆ. ಅದರ ಹೊಗೆಗೆ ಸಿಗಡಿಯ ಕಟ್ಟನ್ನು ತೂಗುಹಾಕಬಹುದೇ ಎಂದು ಆ ಅಜ್ಜಿಯನ್ನೇ ಕೇಳಿದೆ. ರಬ್ಬರಿನ ಹೊಗೆ ಬೇಡವೆಂದು ಮುಖ ತಿರುಗಿಸಿದರು. ಅಕೇಶಿಯದ ಒಂದು ಸೀಳನ್ನು ಕೈಗೆ ತೆಗೆದುಕೊಂಡು, ಮೂಸಿ, ಗೋಡೆಗೊರಗಿಸಿ ಒಣಗಲಿಟ್ಟರು.