ಜನತಾ ಬಜಾರ್: ಜನರ ಅಂಗಡಿಯ ಏಳುಬೀಳು

ಕಲಬುರಗಿಯ ಗಾಜಿಪುರದವರಾಗಲಿ, ಕಮಲಾಪುರದ ಕೆಂಪು ಬಾಳೆ ಮಾರಲು ಬಂದವರಾಗಲಿ 'ಸೂಪರ್ ಮಾರ್ಕೆಟ್' ಎಂದರೆ, ಅದು ಊರ ನಡುವಿನ ಪೇಟೆ. ಗಾಜಿನ ಬಾಗಿಲಿನ ಮಳಿಗೆಯಲ್ಲ. ಒಂದೇ ಸೂರಿನಡಿ ಎಲ್ಲವೂ ಸಿಗುವ ಅಂಗಡಿಯನ್ನು ಕರ್ನಾಟಕದ ಸಾಮಾನ್ಯ ಜನರಿಗೆ ಪರಿಚಯಿಸಿದ್ದರಲ್ಲಿ ಖಾಸಗಿ ವ್ಯಾಪಾರಿಗಳಿಗಿಂತ ಸಹಕಾರ ಸಂಘಗಳ ಪಾಲು ದೊಡ್ಡದು. ಆ ಅಂಗಡಿಗಳ ಹೆಸರೇ ಜನತಾ ಬಜಾರ್.

ಇದರ ಬೇರು ಇಂಗ್ಲೆಂಡಿನಲ್ಲಿದೆ. 1844ರಲ್ಲಿ ರಾಚ್‌ಡೇಲ್ ಎಂಬ ಊರಿನಲ್ಲಿ ನೇಕಾರರು ಮತ್ತಿತರ ಕುಶಲಕರ್ಮಿಗಳು, ಒಟ್ಟು 28 ಮಂದಿ, ಹಣ ಕೂಡಿಸಿ ಅಂಗಡಿ ತೆರೆದರು. ಕಲಬೆರಕೆಯಿಲ್ಲದ ಸರಕು, ಸರಿಯಾದ ತೂಕ, ಖರೀದಿಗೆ ತಕ್ಕಂತೆ ಲಾಭದ ಹಂಚಿಕೆ: ಇದು ಅವರ ನಿಯಮ. ಭಾರತದಲ್ಲಿ 1904ರ ಕಾಯ್ದೆ ಸಾಲದ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. ಮರುವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ್ದು ಅಂಥದೇ ಸಂಘ. 1912ರ ಕಾಯ್ದೆ ಬಂದ ಮೇಲೆ ಬಳಕೆದಾರರ ಸಂಘಗಳಿಗೂ ದಾರಿಯಾಯಿತು.

ಆದರೆ ಅವಕ್ಕೆ ನಿಜವಾದ ಬಲ ತಂದದ್ದು ಅಭಾವ. 1962ರ ಚೀನಾ ಯುದ್ಧದ ನಂತರ ಬೆಲೆ ಏರತೊಡಗಿದಾಗ ಕೇಂದ್ರ ಸರ್ಕಾರ ನಗರಗಳಲ್ಲಿ ಗ್ರಾಹಕ ಸಹಕಾರಿ ಭಂಡಾರಗಳನ್ನು ಬೆಳೆಸುವ ಯೋಜನೆ ಹಾಕಿತು. ಬರಗಾಲದ ನಡುವೆ 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ಜುಲೈನಲ್ಲಿ ದೆಹಲಿಯ ಸೂಪರ್ ಬಜಾರ್ ತೆರೆಯಿತು. ಅದೇ ಅಲೆಯಲ್ಲಿ ನಮ್ಮ ನಗರಗಳಲ್ಲೂ ಜನತಾ ಬಜಾರುಗಳು ಬೆಳೆದವು. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ 1930ರ ದಶಕದ ಏಷ್ಯಾಟಿಕ್ ಕಟ್ಟಡಕ್ಕೆ ಜನರ ಬಾಯಲ್ಲಿ ಜನತಾ ಬಜಾರ್ ಎಂಬ ಹೆಸರೇ ನಿಂತಿತು.

ಇಂಥ ಅಂಗಡಿಯ ಕೆಲಸ ಮಾರಾಟವಷ್ಟೇ ಅಲ್ಲ. ಉಳಿದವರ ಬೆಲೆಗೆ ಕಡಿವಾಣ ಹಾಕುವುದೂ ಹೌದು. ಸಕ್ಕರೆ, ಎಣ್ಣೆ, ಬಟ್ಟೆ, ನೋಟ್‌ಬುಕ್ಕುಗಳ ದರ ಇಲ್ಲಿ ಇಷ್ಟೆಂದು ಗೊತ್ತಾದರೆ ಪಕ್ಕದ ಕಿರಾಣಿ ಅಂಗಡಿಯವನು ಮನಸ್ಸಿಗೆ ಬಂದಂತೆ ಏರಿಸುವುದು ಕಷ್ಟ. ಆದರೆ ನಗದು ವ್ಯಾಪಾರದ ಈ ಏರ್ಪಾಡು ಹೊಂದಿಕೆಯಾದದ್ದು ಮುಖ್ಯವಾಗಿ ತಿಂಗಳ ಸಂಬಳದವರಿಗೆ. ದಿನಗೂಲಿಯವರಿಗೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೇ ಆಧಾರ. ಅಗ್ಗದ ಅಂಗಡಿ ಯಾರಿಗೆ ಹೆಚ್ಚು ಬೇಕಿತ್ತೋ ಅವರನ್ನೇ ಅದು ಪೂರ್ತಿಯಾಗಿ ಮುಟ್ಟಲಿಲ್ಲ.

ಅಭಾವದಿಂದ ಬೆಳೆದದ್ದು ಸಮೃದ್ಧಿಯಲ್ಲಿ ಸೊರಗಿತು. 1991ರ ಉದಾರೀಕರಣದ ನಂತರ ಸರಕು ಎಲ್ಲೆಡೆ ಸಿಗತೊಡಗಿತು. ಗರಿಷ್ಠ ಬೆಲೆ ಪೊಟ್ಟಣದ ಮೇಲೆಯೇ ಅಚ್ಚಾಗಿ ಬಂತು. ಕಡತ, ಮಂಜೂರಾತಿಗಳ ದಾರಿಯಲ್ಲಿ ಸಾಗುವ ಖರೀದಿ, ದಿನಕ್ಕೊಂದು ರಿಯಾಯಿತಿ ಕೊಡುವ ಖಾಸಗಿ ಮಳಿಗೆಗಳ ವೇಗಕ್ಕೆ ಸಾಟಿಯಾಗಲಿಲ್ಲ. ದೆಹಲಿಯ ಸೂಪರ್ ಬಜಾರನ್ನು 2002ರಲ್ಲಿ ಮುಚ್ಚಲು ಆದೇಶವಾಯಿತು. ಕರ್ನಾಟಕದಲ್ಲಿ ಸಹಕಾರಿ ಗ್ರಾಹಕ ಮಹಾಮಂಡಳ ಉಳಿಯಿತಾದರೂ ಆಸ್ಪತ್ರೆಗಳ ಔಷಧಿ ಮಳಿಗೆ, ಸರ್ಕಾರಿ ಹಾಸ್ಟೆಲುಗಳ ಪೂರೈಕೆಯಂಥ ಕೆಲಸಗಳೇ ಅದರ ಆಸರೆಯಾದವು.

ಹಾಗೆಂದು ಖಾಸಗಿಯವರೇನೂ ಶಾಶ್ವತವಲ್ಲ. 1905ರಲ್ಲಿ ನೀಲಗಿರಿ ಸೀಮೆಯಲ್ಲಿ ಹುಟ್ಟಿ, 1936ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂದ ನೀಲಗಿರೀಸ್ 2014ರಲ್ಲಿ ಫ್ಯೂಚರ್ ಸಮೂಹದ ಪಾಲಾಯಿತು. ಆ ಸಮೂಹದ ಫ್ಯೂಚರ್ ರೀಟೇಲ್ ಕಂಪನಿಯೇ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು.

ಏಷ್ಯಾಟಿಕ್ ಕಟ್ಟಡವನ್ನು ಕೆಡವುವ ಮಾತು ಬಂದಾಗ ಪರಂಪರೆಯ ಆಸಕ್ತರು ಹೈಕೋರ್ಟಿನ ಮೊರೆ ಹೋದರು. ಗೋಡೆಯ ಪರವಾಗಿ ವಾದಿಸುವವರು ಸಿಕ್ಕರು. ಆ ಗೋಡೆಯೊಳಗೆ ನಡೆಯುತ್ತಿದ್ದ ಕೆಲಸಕ್ಕೆ ಅಷ್ಟು ಮಂದಿ ಸಿಗಲಿಲ್ಲ. ಬೇಳೆ, ಎಣ್ಣೆಯ ಬೆಲೆ ಏರಿದಾಗಲೆಲ್ಲ ಆ ಕೆಲಸದ ನೆನಪಾಗುತ್ತದೆ: ಪೇಟೆಯಲ್ಲಿ ಒಂದಾದರೂ ಅಂಗಡಿ ಕೊಳ್ಳುವವರದೇ ಆಗಿರಬೇಕು ಎಂಬುದು.