ಶಿವನಸಮುದ್ರದ ಕರೆಂಟು ತೆರೆದ ಕಾಲೇಜು

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿತು. ಗಣಿಯಲ್ಲಿ ಉಗಿಯಂತ್ರಗಳ ಕೆಲಸಕ್ಕೆ ಮೋಟಾರು ಬಂತು.

1905ರಲ್ಲಿ ಬೆಂಗಳೂರಿನ ಬೀದಿಗಳಲ್ಲೂ ವಿದ್ಯುದ್ದೀಪ ಬೆಳಗಿತು. ಸಂಜೆಯಾಗುತ್ತಲೇ ಏಣಿ ಹೊತ್ತು ಬಂದು, ಗಾಜು ಒರೆಸಿ, ಸೀಮೆಎಣ್ಣೆ ತುಂಬಿ ಬತ್ತಿ ಹಚ್ಚುತ್ತಿದ್ದವನ ಕಸುಬು ಮೆಲ್ಲಗೆ ಮರೆಯಾಯಿತು. ಅವನ ಜಾಗಕ್ಕೆ ಲೈನ್‌ಮನ್ ಬಂದ.

ವಿದ್ಯುತ್ತು ಹುಟ್ಟಿಸುವ ಯಂತ್ರಗಳು ಬಂದದ್ದು ಹೊರದೇಶದಿಂದ. ಅವನ್ನು ಕೂರಿಸಲು ಎಂಜಿನಿಯರುಗಳೂ ಅಲ್ಲಿಂದಲೇ ಬಂದರು. ಇಲ್ಲಿನ ಹುಡುಗರು ಆ ವಿದ್ಯೆ ಕಲಿಯಲೇಬೇಕಿತ್ತು. 1911ರಲ್ಲಿ ಪಾಠ ಆರಂಭಿಸಿದ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಮೊದಲ ವಿಭಾಗಗಳಲ್ಲೇ ವಿದ್ಯುತ್ ತಂತ್ರಜ್ಞಾನವೂ ಇತ್ತು.

1917ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಕೆ.ಆರ್. ವೃತ್ತದ ಆ ಕಾಲೇಜಿಗೆ ಇಂದು ಅವರದೇ ಹೆಸರು.