ಶ್ರೀರಂಗಪಟ್ಟಣಕ್ಕೆ ಬಂದ ಸಂಧಾನಕಾರ: ಷ್ವಾರ್ಟ್ಸ್ ಪಾದ್ರಿಯ 1779ರ ರಾಯಭಾರ

ಎರಡನೆಯ ಮೈಸೂರು ಯುದ್ಧದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1780ರ ಜುಲೈ ತಿಂಗಳಿನಲ್ಲಿ ಹೈದರಾಲಿಯು ಘಟ್ಟವಿಳಿದು ಆರ್ಕಾಟು ಸೀಮೆಯ ಮೇಲೆ ನುಗ್ಗಿದುದನ್ನು ವಿಸ್ತಾರವಾಗಿ ವರ್ಣಿಸುತ್ತಾರೆ. ಅದಕ್ಕೆ ಒಂದು ವರ್ಷ ಹಿಂದೆ ಮದರಾಸು ಸರ್ಕಾರವು ಒಬ್ಬ ಜರ್ಮನ್ ಪಾದ್ರಿಯನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಿದ್ದಿತೆಂಬ ಸಂಗತಿಗೆ ಅವರಲ್ಲಿ ದೊರೆಯುವ ಸ್ಥಳ ಒಂದೆರಡು ವಾಕ್ಯ ಮಾತ್ರ. ಯುದ್ಧ ತಪ್ಪಲಿಲ್ಲವಾದ ಕಾರಣ ಆ ಪ್ರಯಾಣವನ್ನು ನಿಷ್ಫಲವೆಂದು ಬದಿಗಿಡುವುದು ಸುಲಭ. ಆದರೆ ಕ್ರೈಸ್ತಶೀಲದ ಒಂದು ಮುಖ್ಯ ಅಂಗವೆಂದು ಎಣಿಸಲ್ಪಟ್ಟಿರುವ ಸಮಾಧಾನಕಾರ್ಯವು ರಾಜಕಾರಣದ ಕೈಗೆ ಸಿಕ್ಕಿದಾಗ ಏನಾಗುತ್ತದೆಂಬುದನ್ನು ಪರೀಕ್ಷಿಸಲು ನಮ್ಮ ನಾಡಿನ ಚರಿತ್ರೆಯಲ್ಲಿ ಇದಕ್ಕಿಂತ ಉತ್ತಮವಾದ ನಿದರ್ಶನ ದೊರೆಯದೆಂದು ನನಗೆ ತೋರುತ್ತದೆ.

ಮತ್ತಾಯನ ಸುವಾರ್ತೆಯಲ್ಲಿ ಬರುವ ಬೆಟ್ಟದ ಮೇಲಣ ಪ್ರಸಂಗವು ಸಮಾಧಾನಪಡಿಸುವವರನ್ನು ಧನ್ಯರ ಸಾಲಿನಲ್ಲಿ ನಿಲ್ಲಿಸುತ್ತದೆ. ಅಲ್ಲಿ ಪ್ರಯೋಗವಾಗಿರುವ ಗ್ರೀಕ್ ಪದವು ಹೊಸ ಒಡಂಬಡಿಕೆಯಲ್ಲಿ ಮತ್ತೆಲ್ಲಿಯೂ ಕಾಣಬರುವುದಿಲ್ಲ. ರೋಮನ್ ಜಗತ್ತಿನಲ್ಲಾದರೋ ಅದೇ ಪದವು ಸೀಸರನಂಥ ವಿಜೇತರಿಗೆ ಸಲ್ಲುವ ಬಿರುದಾಗಿದ್ದಿತು. ಖಡ್ಗದಿಂದ ಎದುರಾಳಿಯನ್ನು ಅಡಗಿಸಿದವನೂ ಶಾಂತಿಕರ್ತನೇ; ಖಡ್ಗವಿಲ್ಲದೆ ಇಬ್ಬರ ನಡುವೆ ನಿಂತವನೂ ಶಾಂತಿಕರ್ತನೇ. ಈ ಎರಡರಲ್ಲಿ ಯಾವುದಕ್ಕೆ ತಾನು ಸೇವಕನಾಗಿದ್ದೇನೆಂಬುದು ರಾಯಭಾರಿಗೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ.

ಕ್ರಿಶ್ಚಿಯನ್ ಫ್ರೀಡ್ರಿಖ್ ಷ್ವಾರ್ಟ್ಸನು 1726ರಲ್ಲಿ ಪ್ರಷ್ಯ ರಾಜ್ಯದ ಸೊನ್ನೆನ್‌ಬುರ್ಗ್ ಎಂಬ ಊರಿನಲ್ಲಿ ಜನಿಸಿದನು. ಹಾಲೆ ನಗರದಲ್ಲಿ ವ್ಯಾಸಂಗ ಮಾಡಿ, ಅಲ್ಲಿಯೇ ತಮಿಳನ್ನು ಕಲಿಯಲಾರಂಭಿಸಿ, 1750ರಲ್ಲಿ ತರಂಗಂಬಾಡಿಗೆ ಬಂದಿಳಿದನು. ಹಾಲೆಯ ಭಕ್ತಿಪಂಥದವರು ಮತತತ್ತ್ವದ ವಾದಕ್ಕಿಂತ ನಡತೆಗೆ ಹೆಚ್ಚಿನ ಬೆಲೆ ಕೊಡುತ್ತಿದ್ದರು. ಅನಾಥಾಲಯ, ಪಾಠಶಾಲೆ, ಲೆಕ್ಕಪತ್ರಗಳ ಶುದ್ಧಿ, ಇವು ಅವರ ಧರ್ಮದ ಕುರುಹುಗಳು. ಆತನು ಕ್ರಮೇಣ ತಿರುಚಿನಾಪಳ್ಳಿಯಲ್ಲಿಯೂ ಅನಂತರ ತಂಜಾವೂರಿನಲ್ಲಿಯೂ ನೆಲೆಸಿದನು. ತಮಿಳಲ್ಲದೆ ಪಾರಸಿ, ಹಿಂದೂಸ್ಥಾನಿ, ಮರಾಠಿ, ಪೋರ್ಚುಗೀಸ್ ಭಾಷೆಗಳಲ್ಲಿ ಆತನಿಗೆ ಪರಿಶ್ರಮವಿದ್ದಿತು. ದುಭಾಷಿಯ ನೆರವಿಲ್ಲದೆ ದರ್ಬಾರಿನಲ್ಲಿ ಮಾತನಾಡಬಲ್ಲ ಐರೋಪ್ಯರು ಆ ಕಾಲದಲ್ಲಿ ವಿರಳ.

ಈ ಗುಣವೇ ಮದರಾಸಿನ ಗವರ್ನರ್ ಸರ್ ಥಾಮಸ್ ರಂಬೋಲ್ಡನ ಕಣ್ಣಿಗೆ ಬಿದ್ದಿತು. 1769ರ ಮದರಾಸು ಕೌಲಿನಂತೆ ಒಬ್ಬರ ಮೇಲೆ ಶತ್ರುಗಳು ಬಿದ್ದರೆ ಮತ್ತೊಬ್ಬರು ನೆರವಾಗಬೇಕಾಗಿದ್ದಿತು. ಆದರೆ ಬಳಿಕ ಪೇಷ್ವೆ ಮಾಧವರಾಯನು ಮೈಸೂರಿನ ಮೇಲೆ ದಂಡೆತ್ತಿ ಬಂದಾಗ ಕುಂಪಣಿಯು ಕೈಕಟ್ಟಿ ಕುಳಿತಿತು. ಹೈದರನು ಇದನ್ನು ಮರೆಯಲಿಲ್ಲ. 1778ರಲ್ಲಿ ಫ್ರೆಂಚರೊಡನೆ ಯುದ್ಧವೊದಗಲು ಇಂಗ್ಲಿಷರು ಪುದುಚೇರಿಯನ್ನು ಹಿಡಿದರು. 1779ರ ಮಾರ್ಚಿನಲ್ಲಿ, ತನ್ನ ರಕ್ಷಣೆಯಲ್ಲಿದೆಯೆಂದು ಹೈದರನು ಸಾರಿದ್ದ ಮಾಹೆಯನ್ನೂ ಹಿಡಿದರು. ಅವನ ಮನಸ್ಸನ್ನು ಅರಿತುಬರಲು, ಕುಂಪಣಿಯ ಉದ್ದೇಶ ಶಾಂತಿಯೇ ಎಂದು ಭರವಸೆ ಕೊಡಲು, ರಂಬೋಲ್ಡನು ಪಾದ್ರಿಯನ್ನು ಗುಟ್ಟಾಗಿ ಕರೆಸಿ ಕೇಳಿಕೊಂಡನು. ತನ್ನನ್ನು ವಂಚಿಸದ ಆ ಕ್ರೈಸ್ತನನ್ನೇ ಕಳುಹಿಸಿರೆಂದು ಹೈದರನೇ ಹೇಳಿಕಳುಹಿದನೆಂಬ ಕಥೆಯು ಜೀವನಚರಿತ್ರೆಗಳಲ್ಲಿ ಜನಪ್ರಿಯವಾಗಿದೆ. ಷ್ವಾರ್ಟ್ಸನು ತಾನೇ ಬರೆದ ವೃತ್ತಾಂತದಲ್ಲಾದರೋ ಈ ಪ್ರಯಾಣಕ್ಕೆ ಮೂಲ ಮದರಾಸಿನ ಕರೆಯೇ. ಕಥೆ ರಮ್ಯವಾಗಿದೆಯೆಂದು ಅದನ್ನು ಪಾಠದಲ್ಲಿ ಹೇಳುವ ಅಧ್ಯಾಪಕರು (ನಾನೂ ಕೆಲಕಾಲ ಹೇಳಿದ್ದುಂಟು) ಈ ಭೇದವನ್ನು ಗಮನಿಸುವುದು ಲೇಸು.

ಒಪ್ಪಿಕೊಂಡುದಕ್ಕೆ ಆತನು ಕೊಡುವ ಕಾರಣಗಳು ಮೂರು: ಈ ಕಾರ್ಯದಲ್ಲಿ ಕುಟಿಲ ರಾಜಕೀಯವಿಲ್ಲದೆ ರಕ್ತಪಾತವನ್ನು ತಪ್ಪಿಸುವುದೇ ಉದ್ದೇಶವಾಗಿದ್ದುದು, ಸುವಾರ್ತೆ ತಲಪದ ಕಡೆ ಅದನ್ನು ಸಾರುವ ಅವಕಾಶ, ಕುಂಪಣಿಯವರು ತನಗೆ ಮಾಡಿದ್ದ ಉಪಕಾರದ ಸ್ಮರಣೆ. ಇದರ ಜೊತೆಗೆ ಯಾವ ಉಡುಗೊರೆಯಿಂದಲೂ ಕೈಯನ್ನು ಮಲಿನಮಾಡಿಕೊಳ್ಳಬಾರದೆಂಬ ನಿಶ್ಚಯವನ್ನೂ ಮಾಡಿಕೊಂಡನು. ಮೊದಲನೆಯ ಕಾರಣವನ್ನು ಓದುವಾಗ ಇಂದಿನ ವಾಚಕನಿಗೆ ಮರುಕ ಹುಟ್ಟದಿರದು.

1779ರ ಜುಲೈಯಲ್ಲಿ ಹೊರಟು, ಗಡಿಯ ಕರೂರು ಕೋಟೆಯಲ್ಲಿ ಅಪ್ಪಣೆಗಾಗಿ ಸುಮಾರು ಒಂದು ತಿಂಗಳು ಕಾದು, ಗಜ್ಜಲಹಟ್ಟಿಯ ಕಣಿವೆಯನ್ನು ಹತ್ತಿ ಆತನು ಮೈಸೂರು ಸೀಮೆಯನ್ನು ಪ್ರವೇಶಿಸಿದನು. ದಾರಿಯಲ್ಲಿ ಆತನು ಕಂಡುದು ಗಮನಾರ್ಹ. ಮಳೆಯಿಂದ ರಸ್ತೆ ಸೇತುವೆಗಳಿಗೆ ಹಾನಿ ತಟ್ಟಿದ ಕೂಡಲೆ ಅಧಿಕಾರಿಗಳು ಆಳುಗಳನ್ನು ಕಳುಹಿಸಿ ಸರಿಪಡಿಸುತ್ತಿದ್ದರೆಂದೂ, ತಡಮಾಡದಿರುವುದರಿಂದ ಖರ್ಚು ಕಡಮೆಯಾಗುತ್ತಿದ್ದಿತೆಂದೂ, ಆರ್ಕಾಟು ಸೀಮೆಯಲ್ಲಿ ಐರೋಪ್ಯರು ಎಲ್ಲವನ್ನೂ ಹಾಳಾಗಲು ಬಿಟ್ಟಿದ್ದಾರೆಂದೂ ಬರೆದಿದ್ದಾನೆ. ಕುಂಪಣಿಯ ದೂತನಾಗಿ ಬಂದವನ ಲೇಖನಿಯಿಂದ ಬಂದ ಈ ಮಾತು ಹೈದರನ ಆಡಳಿತಕ್ಕೆ ದೊರೆತ ಉತ್ತಮ ಸಾಕ್ಷ್ಯಗಳಲ್ಲೊಂದು. ಅದೇ ಲೇಖನಿ ಅರಮನೆಯ ಚಾವಟಿಯವರನ್ನೂ, ಕಂದಾಯದ ಲೆಕ್ಕದಲ್ಲಿ ತಪ್ಪಿದ ಅಧಿಕಾರಿಗಳಿಗಾಗುತ್ತಿದ್ದ ಕ್ರೂರ ದಂಡನೆಯನ್ನೂ ಮರೆಮಾಚದೆ ದಾಖಲಿಸಿದೆ. ಹೈದರನು ಆತನನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಮಾತನಾಡಿಸಿದನು. ಕೋಟೆಯ ಹೊರಗೆ, ಮೈಸೂರಿನ ಸೇವೆಯಲ್ಲಿದ್ದ ಜರ್ಮನ್ ಸಿಪಾಯಿಗಳ ಡೇರೆಯಲ್ಲಿ ಆತನು ಪ್ರಾರ್ಥನೆ ನಡಸುತ್ತಿದ್ದನು, ಯಾರೂ ತಡೆಯಲಿಲ್ಲ.

ಬೀಳ್ಕೊಡುವಾಗ ಹೈದರನು ದಾರಿಯ ವೆಚ್ಚಕ್ಕೆಂದು 300 ರೂಪಾಯಿಗಳನ್ನು ಕೊಡಿಸಿದನು. ನಿರಾಕರಿಸುವುದು ಅಪಮಾನವಾದೀತೆಂದು ಸ್ವೀಕರಿಸಿ, ಷ್ವಾರ್ಟ್ಸನು ಅದನ್ನು ಮದರಾಸಿನ ಸರ್ಕಾರಕ್ಕೆ ಒಪ್ಪಿಸಿದನು. ನೀವೇ ಇಟ್ಟುಕೊಳ್ಳಿರೆಂದು ಅವರು ಒತ್ತಾಯಿಸಲು, ತಂಜಾವೂರಿನಲ್ಲಿ ಅನಾಥ ಮಕ್ಕಳ ಇಂಗ್ಲಿಷ್ ಶಾಲೆಗೆ ಅದನ್ನು ಮೂಲಧನವಾಗಿ ವಿನಿಯೋಗಿಸಿದನು. ನವಾಬನ ಸಾಲಪತ್ರಗಳಲ್ಲಿ ಕುಂಪಣಿಯ ನೌಕರರು ಲಕ್ಷಗಟ್ಟಲೆ ಗಳಿಸುತ್ತಿದ್ದ ಊರು ಅಂದಿನ ಮದರಾಸು. ಕಳುಹಿಸಿದ ರಂಬೋಲ್ಡನ ಸಂಪಾದನೆಯ ವಿಷಯವೇ ಮುಂದೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ವಿಚಾರಣೆಗೆ ಬಂದಿತು.

ಪಾದ್ರಿಯು ಶಾಂತಿಯ ಮಾತನ್ನು ಹೊತ್ತು ಸಂಚರಿಸುತ್ತಿದ್ದ ತಿಂಗಳುಗಳಲ್ಲಿಯೇ ಮದರಾಸು ಸರ್ಕಾರವು ಬಸಾಲತ್ ಜಂಗನಿಂದ ಗುಂಟೂರನ್ನು ಪಡೆದು, ಅವನ ನೆರವಿಗೆಂದು ಕರ್ನಲ್ ಹಾರ್ಪರನ ದಳವನ್ನು ಹೈದರನ ಕಡಪೆಯ ಸೀಮೆಯ ಮೂಲಕ, ಅವನ ಅನುಮತಿಯಿಲ್ಲದೆಯೇ, ನಡಸಲು ಹೊರಟಿತು. ಹೈದರನ ಜನರು ದಾರಿಗಟ್ಟಲು ದಳ ಹಿಂದಿರುಗಬೇಕಾಯಿತು. ನಿಜಾಮನೂ ಮರಾಠರೂ ಹೈದರನೊಡನೆ ಕೂಡಿಕೊಂಡರು. ಮುಂದಿನ ಜುಲೈಯಲ್ಲಿ ಸುಮಾರು 80,000 ಸೈನ್ಯ ಘಟ್ಟವಿಳಿಯಿತು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಬೇಲಿಯ ಪಡೆ ನಾಶವಾಯಿತು.

ಹಾಗಾದರೆ ಷ್ವಾರ್ಟ್ಸನು ವಂಚಕರ ಕೈಗೊಂಬೆಯೆ? ಕುಂಪಣಿಯು ಆತನ ಸತ್ಯಸಂಧತೆಯನ್ನು ಕಡವಾಗಿ ಪಡೆದು ತನ್ನ ಕಾರ್ಯಕ್ಕೆ ಬಳಸಿಕೊಂಡಿತೆಂಬುದು ನಿರ್ವಿವಾದ. ತನ್ನನ್ನು ಕಳುಹಿಸಿದವರನ್ನು ಆತನು ಸಾಕಷ್ಟು ಶೋಧಿಸಲಿಲ್ಲವೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಹೈದರನು ಈ ತಪ್ಪನ್ನು ದೂತನ ತಲೆಗೆ ಕಟ್ಟಲಿಲ್ಲ. ಯುದ್ಧದ ನಡುವೆಯೇ, ಈ ಪಾದ್ರಿಯನ್ನು ತಡೆಯದೆ ಗೌರವದಿಂದ ಹೋಗಗೊಡಬೇಕೆಂದು ತನ್ನ ಸರದಾರರಿಗೆ ಅಪ್ಪಣೆ ಮಾಡಿದನು. ಕಳುಹಿಸಿದವರ ಮಾತು ಸುಳ್ಳಾದರೂ ತಂದವನ ಮಾತು ಸುಳ್ಳಲ್ಲವೆಂದು ಎಣಿಸಬಲ್ಲ ವಿವೇಕ ಅವನಲ್ಲಿದ್ದಿತು.

ಈ ನಂಬಿಕೆಯ ನಿಜವಾದ ಉಪಯೋಗ ದರ್ಬಾರಿನಲ್ಲಿ ಅಲ್ಲ, ಹೊಲಗಳಲ್ಲಿ ಕಂಡುಬಂದಿತು. ಯುದ್ಧದ ಕ್ಷಾಮದಲ್ಲಿ ತಂಜಾವೂರಿನ ಕೋಟೆಯೊಳಗೆ ಜನರು ಬೀದಿಯಲ್ಲಿ ಸಾಯುತ್ತಿದ್ದರು. ಹೊರಗೆ ಧಾನ್ಯವಿದ್ದಿತು, ತರಲು ಎತ್ತುಗಳಿರಲಿಲ್ಲ. ರೈತರು ರಾಜನ ಅಧಿಕಾರಿಗಳನ್ನಾಗಲಿ ಕುಂಪಣಿಯನ್ನಾಗಲಿ ನಂಬದಾಗಿದ್ದರು. ಹಿಂದೆ ಇಬ್ಬರೂ ಹಣ ಕೊಡದೆ ಕೊಂಡೊಯ್ದಿದ್ದರು. ತನ್ನ ಕೈಯಿಂದಲೇ ಬಾಡಿಗೆ ಸಲ್ಲಿಸುವೆನೆಂದು ಷ್ವಾರ್ಟ್ಸನು ಮಾತು ಕೊಡಲು ಎರಡು ದಿನಗಳೊಳಗೆ ಸಾವಿರ ಎತ್ತುಗಳು ಬಂದವು. 80,000 ಕಲಂ ಧಾನ್ಯ ಕೋಟೆಗೆ ಸೇರಿತು. ಕೆಲವು ವರ್ಷಗಳ ಮೇಲೆ, ಅಧಿಕಾರಿಗಳ ಹಿಂಸೆಯಿಂದ ಊರು ತೊರೆದಿದ್ದ ರೈತರಲ್ಲಿ ಏಳು ಸಾವಿರ ಮಂದಿ ಆತನ ಭರವಸೆಯ ಮೇಲೆಯೇ ಹಿಂದಿರುಗಿ ಉಳತೊಡಗಿದರು. ಇಂಥ ಸಮಾಧಾನಕ್ಕೆ ಒಡಂಬಡಿಕೆಯ ಪತ್ರವಿಲ್ಲ, ಮುದ್ರೆಯಿಲ್ಲ. ಆದ್ದರಿಂದಲೇ ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ತಾವಿಲ್ಲ.

1783ರಲ್ಲಿ ಟಿಪ್ಪುವಿನೊಡನೆ ಸಂಧಾನಕ್ಕೆ ಹೊರಟ ನಿಯೋಗಿಗಳನ್ನು ಕೂಡಿಕೊಳ್ಳಬೇಕೆಂದು ಸರ್ಕಾರವು ಮತ್ತೆ ಕೇಳಿಕೊಂಡಿತು. ಸತ್ಯಮಂಗಲದವರೆಗೆ ಹೋದ ಆತನನ್ನು ಟಿಪ್ಪುವಿನ ಅಧಿಕಾರಿಗಳು ಮುಂದೆ ಬಿಡಲಿಲ್ಲ. ಈ ಸಂಧಾನದ ಕಾಲದಲ್ಲಿಯೇ, ಗೆದ್ದ ಪಾಲಘಾಟನ್ನು ಕರ್ನಲ್ ಫುಲರ್ಟನನು ಬಿಟ್ಟುಕೊಡಬೇಕಾಗಿ ಬಂದಾಗ, ಸಂಧಿ ಮುಗಿಯುವ ಮೊದಲೇ ಲಗಾಮನ್ನು ಕೈಬಿಡಬಹುದೆ ಎಂದು ಷ್ವಾರ್ಟ್ಸನು ಆಶ್ಚರ್ಯಪಟ್ಟನು. ನಾಲ್ಕು ವರ್ಷಗಳ ಯುದ್ಧವು ಆತನನ್ನು ನಡುವೆ ನಿಂತವನಿಂದ ಒಂದು ಪಕ್ಷದವನನ್ನಾಗಿ ಮಾಡಿದ್ದಿತೆಂಬುದಕ್ಕೆ ಈ ಪ್ರಶ್ನೆಯೇ ಸಾಕ್ಷಿ. ಆತನಿಲ್ಲದೆಯೇ 1784ರ ಮಾರ್ಚ್ 11ರಂದು ಮಂಗಳೂರಿನ ಕೌಲು ಆಯಿತು.

ಷ್ವಾರ್ಟ್ಸನು 1798ರ ಫೆಬ್ರವರಿ 13ರಂದು ತಂಜಾವೂರಿನಲ್ಲಿ ತೀರಿಕೊಂಡನು. ಆತನ ರಕ್ಷಣೆಯಲ್ಲಿ ಬೆಳೆದ ಸರ್ಫೋಜಿ ರಾಜನು ಫ್ಲಾಕ್ಸ್‌ಮನ್ ಎಂಬ ಶಿಲ್ಪಿಯಿಂದ ಅಮೃತಶಿಲೆಯ ಸ್ಮಾರಕವನ್ನು ಮಾಡಿಸಿ ಅಲ್ಲಿಯ ಚರ್ಚಿನಲ್ಲಿ ಇರಿಸಿದನು. ಕುಂಪಣಿಯವರು ತಮ್ಮ ಪಾಲಿನ ಸ್ಮಾರಕವನ್ನು ಮದರಾಸಿನ ಸೇಂಟ್ ಮೇರಿ ಚರ್ಚಿನಲ್ಲಿ ನಿಲ್ಲಿಸಿದರು. ಪಾದ್ರಿಯನ್ನು ತಡೆಯದೆ ಬಿಡಿರೆಂದು ಹೈದರನು ಮಾಡಿದ ಅಪ್ಪಣೆಯನ್ನು ಅದರ ಮೇಲೆ ಕೆತ್ತಿಸಿದವರು ಅವರೇ.